ಭಾನುವಾರದ ಪಾಲು

ಹೆರಿಗೆ ಆಸ್ಪತ್ರೆಯ ಹೆಡ್ ನರ್ಸ್, ಮಾದರಿಗೆಂದು ಹೊಲಿದಿಟ್ಟ ಗೌನನ್ನು ಕೈಗೆತ್ತಿಕೊಂಡವರು ಹೊಲಿಗೆ ನೋಡಲಿಲ್ಲ, ನೇರ ಮೂಗಿಗೆ ಹಿಡಿದರು. ಹೊಲಿಗೆಯಲ್ಲಿ ತಪ್ಪು ಹುಡುಕುವವರ ಎದುರು ನಿಂತು ಟೈಲರಮ್ಮ ವಾದ ಮಾಡಬಲ್ಲಳು. ಹದಿನೇಳು ವರ್ಷ ಪಳಗಿದ ಕೈ. ಭೂತಗನ್ನಡಿ ಹಿಡಿದರೂ ಒಂದು ಎಳೆ ಜಗ್ಗಿದ್ದು ಕಾಣದು. ಆದರೆ ಮೂಗಿನ ಜೊತೆ ವಾದ ಮಾಡುವುದು ಹೇಗೆ?

"ಏನಮ್ಮಾ ಇದು, ಚೀಸಾ?"

"ಪಕ್ಕದಲ್ಲೇ ಅಡುಗೆಮನೆ ಮೇಡಂ, ಅದಕ್ಕೇ..."

"ಅಡುಗೆಮನೆ ನಮ್ಮನೇಲೂ ಇದೆ." ಹೆಡ್ ನರ್ಸ್ ಇನ್ನೊಮ್ಮೆ ಮೂಸಿದರು. "ಮೇಲೆ ಚೀಸು. ಅದರ ಕೆಳಗೆ ಮೀನು. ಮೀನಿನ ಕೆಳಗೆ ಇನ್ನೊಂದೇನೋ ಇದೆ, ಅದರ ಹೆಸರು ನಂಗೆ ಬೇಡ."

ಗೌನನ್ನು ಎರಡೇ ಬೆರಳಲ್ಲಿ ಹಿಡಿದು ಮೇಜಿನ ಮೇಲೆ ಇಟ್ಟರು. ಆ ಎರಡು ಬೆರಳು ಟೈಲರಮ್ಮನಿಗೆ ಕಪಾಳಮೋಕ್ಷಕ್ಕಿಂತ ಹೆಚ್ಚು ನಾಟಿತು.

"ಕೆಲಸ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದ್ರೆ ಹುಟ್ಟಿ ಅರ್ಧ ಗಂಟೆಯಾಗಿರೋ ಮಗೂನ ಈ ಗೌನು ಹಾಕ್ಕೊಂಡ ತಾಯಿ ಎದೆಗೇ ಒರಗಿಸೋದು. ಅದು ಲೋಕದಲ್ಲಿ ಮೊದಲು ಮೂಸೋದೇ ಇದನ್ನ. ಸೋಮವಾರ ಹತ್ತು ಗಂಟೆಗೆ ಮತ್ತೆ ಈ ಕಡೆ ಬರೋದಿದೆ. ಕೋಣೆ ಹಿಂಗೇ ಇದ್ರೆ ಬಾಗಿಲಲ್ಲೇ ತಿರುಗಿ ಹೋಗ್ತೀನಿ, ಬೇಜಾರು ಮಾಡ್ಕೋಬೇಡಿ."

ಶುಕ್ರವಾರ ಮಧ್ಯಾಹ್ನದ ಮಾತು ಇದು. ಕೈತಪ್ಪಲಿದ್ದದ್ದು ಸಣ್ಣ ಕೆಲಸವಲ್ಲ. ಮೊದಲ ಕಂತಿಗೆ ಅರವತ್ತು ಗೌನು, ಇನ್ನೂರು ಮಗುಬಟ್ಟೆ. ಆಮೇಲೆ ಮೂರು ತಿಂಗಳಿಗೊಮ್ಮೆ ಅಷ್ಟಷ್ಟೇ, ವರ್ಷವಿಡೀ. ಹದಿನೇಳು ವರ್ಷದಿಂದ ಅವಳು ಪ್ಯಾಂಟಿನ ಕಾಲು ಮೊಟಕು ಮಾಡುತ್ತ, ಕಿತ್ತುಹೋದ ಜಿಪ್ಪು ಬದಲಿಸುತ್ತ, ಹೊಟ್ಟೆ ಬಂದವರ ಸೊಂಟ ಬಿಡಿಸುತ್ತ ಬಂದವಳು. ಊರಿನ ಗಂಡಸರ ಹೊಟ್ಟೆಯ ಚರಿತ್ರೆ ಅವಳಿಗೆ ಇಂಚಿಂಚೂ ಗೊತ್ತು. ಹೊಸ ಬಿಳಿ ಬಟ್ಟೆಗೆ ತಾನೇ ಮೊದಲ ಕತ್ತರಿ ಹಾಕುವ ಕೆಲಸ ಮನೆ ಬಾಗಿಲಿಗೆ ಬಂದದ್ದು ಇದೇ ಮೊದಲು. ಬಂದದ್ದು ಮೂಗು ಮುಚ್ಚಿಕೊಂಡು ಹೋಗುವುದರಲ್ಲಿತ್ತು.

ಅವರು ಹೋದ ಮೇಲೆ ಟೈಲರಮ್ಮ ಕೋಣೆಯನ್ನು ಹೊರಗಿನವಳ ಹಾಗೆ ನೋಡಿದಳು. ಹನ್ನೆರಡು ಅಡಿ ಉದ್ದ, ಒಂಬತ್ತು ಅಡಿ ಅಗಲ. ಕಿಟಕಿಯ ಕೆಳಗೆ ಮಷೀನು, ನಡುವೆ ಅವಳಪ್ಪ ಮಾಡಿಸಿಕೊಟ್ಟ ಕಟಿಂಗ್ ಮೇಜು. ವರ್ಷದ ಹಿಂದೆ ಇಲ್ಲಿ ಇಷ್ಟೇ ಇತ್ತು. ಈಗ ಒಂದು ಗೋಡೆಯುದ್ದಕ್ಕೂ ಟಾಯ್ಲೆಟ್ ಪೇಪರಿನ ಮೂಟೆಗಳು ಸೂರು ಮುಟ್ಟಿದ್ದವು. ಅವುಗಳ ಮುಂದೆ ಎಣ್ಣೆಯ ಡಬ್ಬಗಳು, ಹಿಟ್ಟಿನ ಚೀಲಗಳು, ಬಕೆಟ್ಟಿನಷ್ಟು ದೊಡ್ಡ ಮೇಯನೇಸ್ ಡಬ್ಬ, ಯಾರಿಗೂ ಯಾತಕ್ಕೂ ಬೇಡವಾದ ಐದೈದು ಲೀಟರಿನ ಎರಡು ವಿನೆಗರ್ ಕ್ಯಾನು. ಮೂಲೆಯಲ್ಲಿ, ಮೀನು ಇಡುವುದಕ್ಕೆಂದೇ ತಂದ ಸೆಕೆಂಡ್ ಹ್ಯಾಂಡ್ ಫ್ರೀಜರು. ಮುಚ್ಚಳ ಕೂರದಷ್ಟು ತುಂಬಿಸಿದ್ದರಿಂದ ದಿನಕ್ಕೆರಡು ಸಲ ಅತ್ತು ನೆಲ ಒದ್ದೆ ಮಾಡುತ್ತಿತ್ತು. ಟೇಪು ಹಿಡಿದು ಒಮ್ಮೆ ಅಳೆದಿದ್ದಳು: ಹನ್ನೆರಡು ಅಡಿಯಲ್ಲಿ ಅವಳಿಗೆಂದು ಉಳಿದದ್ದು ನಾಲ್ಕೂಮುಕ್ಕಾಲು. ಇಸ್ತ್ರಿ ಮಾಡಲು ಬಗ್ಗಿದರೆ ಹಿಂದಿನಿಂದ ಪೇಪರಿನ ಮೂಟೆ ಮೆತ್ತಗೆ ಒತ್ತುತ್ತಿತ್ತು, ಬಸ್ಸಿನಲ್ಲಿ ಬೇಕೆಂದೇ ಮೈಮೇಲೆ ಬೀಳುವವನ ಹಾಗೆ.

ಇದೆಲ್ಲದರ ಮೂಲ ಊರಾಚೆಯ ಗೋಡೌನು. ವರ್ಷದ ಶುಲ್ಕ ಕಟ್ಟಿ, ಫೋಟೋ ತೆಗೆಸಿ, ಕಾರ್ಡು ಮಾಡಿಸಿಕೊಂಡ ಸದಸ್ಯರಿಗೆ ಮಾತ್ರ ಅದರೊಳಗೆ ಪ್ರವೇಶ. ಒಳಗೆ ಯಾವ ವಸ್ತುವೂ ಚಿಕ್ಕದಾಗಿರುವುದಿಲ್ಲ. ಉಪ್ಪಿನಿಂದ ಹಿಡಿದು ಹಲ್ಲುಕಡ್ಡಿಯವರೆಗೆ ಎಲ್ಲವೂ ಹಾಸ್ಟೆಲ್ಲಿಗೆ ತಂದ ಹಾಗೆ.

"ದುಡ್ಡು ಕೊಟ್ಟು ಅಂಗಡಿ ಒಳಗೆ ಹೋಗೋದಂತೆ!" ಅಂತ ಅತ್ತೆ ಮೊದಲ ದಿನವೇ ಹೇಳಿದ್ದರು. "ನಾಟಕಕ್ಕೆ ದುಡ್ಡು ಕೊಟ್ರೆ ಕೂರೋಕೆ ಕುರ್ಚಿನಾದ್ರೂ ಕೊಡ್ತಾರೆ."

ಸದಸ್ಯತ್ವದ ಯೋಚನೆ ಭಾವನದು. ಗಂಡನ ಈ ಅಣ್ಣ ಎರಡು ಬೀದಿಯಾಚೆ ಹೆಂಡತಿಯ ಜೊತೆ ಇದ್ದರು. ಒಂದು ಶುಲ್ಕಕ್ಕೆ ಎರಡು ಕಾರ್ಡು ಕೊಡುತ್ತಾರೆ, ಆದರೆ ಇಬ್ಬರೂ ಒಂದೇ ಮನೆಯವರಾಗಿರಬೇಕು ಎಂದು ತಿಳಿದ ಕೂಡಲೇ ಭಾವ ಅರ್ಜಿಯಲ್ಲಿ ತಮ್ಮನ ವಿಳಾಸ ಬರೆದು ಸಹಿ ಹಾಕಿದರು. ಶುಲ್ಕ ಅರ್ಧರ್ಧ, ಸಾಮಾನು ಅರ್ಧರ್ಧ.

"ಅಪ್ಪ ಸತ್ತಾಗ ಪಾಲು ತಗೊಂಡು ಹೊರಟೋನು," ಅಂದಿದ್ದರು ಅತ್ತೆ, "ಸೋಪಿಗೋಸ್ಕರ ವಾಪಸ್ ಬಂದ."

ತಮಾಷೆ ಎಂದರೆ, ಅಪ್ಪನ ಮನೆಯನ್ನು ಆ ಅಣ್ಣತಮ್ಮಂದಿರು ಒಂದು ಗಟ್ಟಿ ಮಾತಿಲ್ಲದೆ ಹಂಚಿಕೊಂಡಿದ್ದರು. ಚೀಸಿನ ವಿಷಯದಲ್ಲಿ ಹಾಗಾಗಲಿಲ್ಲ. ಪ್ರತಿ ಭಾನುವಾರ ಗೋಡೌನಿನಿಂದ ಬಂದ ಸಾಮಾನು ಟೈಲರಮ್ಮನ ಕಟಿಂಗ್ ಮೇಜಿನ ಮೇಲೆ ಸುರಿಯಲ್ಪಡುತ್ತಿತ್ತು. ಮನೆಯಲ್ಲಿ ಅಷ್ಟು ಉದ್ದದ ಮೇಜು ಬೇರೆ ಇರಲಿಲ್ಲ, ನೇರ ಗೆರೆ ಎಳೆಯಬಲ್ಲ ಕೈಯೂ ಬೇರೆ ಇರಲಿಲ್ಲ. ಹಾಗಾಗಿ ಪಾಲು ಮಾಡುವ ಕೆಲಸ ಅವಳ ಕೊರಳಿಗೆ ಬಿತ್ತು. ನಾಲ್ಕು ಕಿಲೋ ಚೀಸಿನ ಗಟ್ಟಿಗೆ ಟೇಪು ಹಿಡಿದು, ನಡುವೆ ಗೆರೆ ಕೊರೆದು, ಚಾಕು ಇಳಿಸಬೇಕು. ಭಾವ ಕನ್ನಡಕವನ್ನು ಮೂಗಿನ ತುದಿಗೆ ಎಳೆದುಕೊಂಡು ಟೇಪಿನ ಅಂಕಿ ಓದುತ್ತಿದ್ದರು. ಇಪ್ಪತ್ತೈದು ಸೋಪಿನ ಕಟ್ಟು ಬಂದ ದಿನ ಇಪ್ಪತ್ತೈದನೆಯದನ್ನು ದಾರದಲ್ಲಿ ಕೊಯ್ಯಿಸಿದ್ದರು. ಮೀನಿನ ತಲೆ ಯಾರಿಗೆ, ಬಾಲ ಯಾರಿಗೆ ಎಂಬ ಚರ್ಚೆ ಒಂದು ಗಂಟೆ ನಡೆದು, ಮೀನು ಮೇಜಿನ ಮೇಲೆಯೇ ಕರಗಿ, ಯಾರದೋ ಕೋಟಿನ ಒಳಬಟ್ಟೆಗೆ ಇಳಿದಿತ್ತು. ಒಂದು ಸಲ ಭಾವ ಚೀಸಿನ ಪ್ಲಾಸ್ಟಿಕ್ಕು ಬಿಚ್ಚಲು ಅವಳ ಬಟ್ಟೆ ಕತ್ತರಿಯನ್ನೇ ಎತ್ತಿಕೊಂಡುಬಿಟ್ಟರು. ಬಟ್ಟೆಯ ಹೊರತು ಕಾಗದವನ್ನೂ ಮುಟ್ಟಿಸದೆ ಹದಿನೇಳು ವರ್ಷ ಕಾಪಾಡಿದ ಕತ್ತರಿ ಅದು. ಅವಳು ಮೂರು ದಿನ ಯಾರೊಂದಿಗೂ ತುಟಿ ಬಿಚ್ಚಲಿಲ್ಲ. ಅದನ್ನೂ ಯಾರೂ ಗಮನಿಸಲಿಲ್ಲ.

ಗೋಡೌನಿಗೆ ಅವಳು ಹೋದದ್ದು ಒಂದೇ ಸಲ. ಅಲ್ಲಿ ಮೂಲೆಮೂಲೆಗೂ ಮೇಜು ಹಾಕಿ ರುಚಿ ನೋಡಲು ತುಣುಕು ಕೊಡುತ್ತಿದ್ದರು. ಭಾವ ಮೊದಲ ಸುತ್ತು ಕನ್ನಡಕ ಹಾಕಿಕೊಂಡು ತಿಂದರು, ಎರಡನೇ ಸುತ್ತು ಕನ್ನಡಕ ತೆಗೆದು ತಿಂದರು, ಮೂರನೇ ಸುತ್ತಿಗೆ ಸ್ವೆಟರನ್ನು ಒಳಹೊರಗು ಮಾಡಿ ಹಾಕಿಕೊಂಡರು. ಗಲ್ಲದ ಮೇಲೆ ಸಾಸು ಒಣಗುತ್ತಿತ್ತು. "ಊಟ ಮುಗೀತಮ್ಮ, ಇದನ್ನೂ ಉಳಿತಾಯಕ್ಕೆ ಸೇರಿಸ್ಕೋ" ಅಂತ ತೇಗಿದರು. ಆ ತೇಗಿನಲ್ಲಿ ಹನ್ನೊಂದು ಬಗೆಯ ಪುಕ್ಕಟೆ ತುಣುಕಿನ ವಾಸನೆ ಇತ್ತು. ಅವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಶನಿವಾರ ಬೆಳಿಗ್ಗೆ ಗೋಡೌನಿನ ಕಾಗದ ಬಂತು. ಸದಸ್ಯತ್ವದ ವರ್ಷ ಸೋಮವಾರಕ್ಕೆ ಮುಗಿಯುತ್ತದೆ. ನವೀಕರಿಸಿದರೆ ವರ್ಷದ ಖರೀದಿಯ ಮೇಲೆ ಒಂದು ಸಣ್ಣ ಮೊತ್ತ ವಾಪಸು, ನವೀಕರಿಸದಿದ್ದರೆ ಅದೂ ಇಲ್ಲ.

"ನೋಡಿದ್ಯಾ?" ಅಂದ ಗಂಡ. ಅವನು ಬಸ್ ಡಿಪೋದಲ್ಲಿ ಟೈಮ್ ಕೀಪರು. ಯಾವ ಬಸ್ಸು ಎಷ್ಟು ಗಂಟೆಗೆ ಹೊರಟಿತು, ಎಷ್ಟು ಗಂಟೆಗೆ ಬಂತು ಎಂದು ಬರೆದಿಡುವುದು ಅವನ ಕೆಲಸ. ಮನೆಯಲ್ಲೂ ಅದೇ ಚಾಳಿ. ಗೋಡೌನಿಗೆಂದೇ ಒಂದು ನೋಟ್‌ಬುಕ್ ಇಟ್ಟಿದ್ದ. ಒಂದು ಕಡೆ ಬೀದಿ ಅಂಗಡಿಯ ದರ, ಇನ್ನೊಂದು ಕಡೆ ಗೋಡೌನಿನ ದರ, ನಡುವಿನ ವ್ಯತ್ಯಾಸ ಕೆಂಪು ಶಾಯಿಯಲ್ಲಿ. "ಬಿಟ್ರೆ ಆ ದುಡ್ಡು ಹೋಯ್ತು. ಸುಮ್ನೆ ಹೋಯ್ತು."

"ಅದನ್ನ ವಾಪಸ್ ತಗೊಳ್ಳೋಕೆ ಅದರ ಮೂರರಷ್ಟು ಕಟ್ಬೇಕಲ್ರೀ."

"ಕಟ್ಟಿದ್ರೆ ಮುಂದಿನ ವರ್ಷನೂ ಇಷ್ಟು ಉಳಿಯುತ್ತೆ." ಕೊನೆಯ ಪುಟದ ಕೆಂಪು ಮೊತ್ತದ ಮೇಲೆ ಬೆರಳಿಟ್ಟ. "ಲೆಕ್ಕ ಸುಳ್ಳು ಹೇಳಲ್ಲ ಕಣೇ."

"ನಿನ್ನೆ ಆ ಮೇಡಂ ನಮ್ಮ ಗೌನು ಮೂಸಿ ನೋಡಿದ್ರು. ಅದನ್ನ ಎಲ್ಲಿ ಬರ್ಕೊಂಡಿದ್ದೀರಿ?"

ಅವನು ಕಾಗದ ಮಡಚಿಟ್ಟ. ನಾಳೆ ಅಣ್ಣ ಬರ್ತಾನೆ, ಕೂತು ತೀರ್ಮಾನ ಮಾಡೋಣ ಅಂದ.

ಆ ನಾಳೆಗೆ ಅವಳು ಒಂದು ತಿಂಗಳಿನಿಂದ ತಯಾರಾಗುತ್ತಿದ್ದಳು. ತಿಂಗಳ ಹಿಂದೆ ಇದೇ ಜಗಳ ಬಂದಾಗ, ಅರ್ಧಕ್ಕರ್ಧ ಕೆಟ್ಟು ಹೋಗುತ್ತಿದೆ ಅಂದಿದ್ದಳು. "ಬಾಯಿ ಮಾತಲ್ಲಿ ಹೇಳ್ಬೇಡ, ತೋರ್ಸು" ಅಂದಿದ್ದ ಗಂಡ. ಸರಿ. ದರ್ಜಿಗಳಿಗೆ ಒಂದು ಅಭ್ಯಾಸವುಂಟು: ಬಟ್ಟೆ ಕತ್ತರಿಸಿದ ಮೇಲೆ ಕೆಳಗೆ ಬಿದ್ದ ಚೂರನ್ನು ಕೂಡಲೇ ಎಸೆಯುವುದಿಲ್ಲ, ಒಂದು ಚೀಲದಲ್ಲಿ ಹಾಕಿಡುತ್ತಾರೆ. ಬಟ್ಟೆ ಎಷ್ಟು ತಂದರು ಎನ್ನುವುದು ಗಿರಾಕಿಯ ಲೆಕ್ಕ; ಎಷ್ಟು ಚೂರು ಬಿತ್ತು ಎನ್ನುವುದು ದರ್ಜಿಯ ಲೆಕ್ಕ. ಅಂದಿನಿಂದ ಎಸೆಯಬೇಕಾದ ಗೋಡೌನಿನ ಯಾವುದನ್ನೂ ಅವಳು ಎಸೆಯಲಿಲ್ಲ. ಹಿತ್ತಿಲಿನ ತಗಡಿನ ಮರೆಯಲ್ಲಿ ಮುಚ್ಚಳದ ದೊಡ್ಡ ಟಬ್ಬು ಇಟ್ಟು, ಒಂದೊಂದನ್ನೂ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ತಾರೀಕು ಬರೆದ ಬಟ್ಟೆಚೂರು ಪಿನ್ ಮಾಡಿ, ಅದರಲ್ಲಿ ಇಳಿಸಿದಳು. ಭಾನುವಾರ ಪಾಲಿಗೆ ಮೊದಲು ಓರಗಿತ್ತಿ ಎರಡು ಬೀದಿಯಾಚೆಯಿಂದ "ನಮ್ಮ ಬುಟ್ಟಿ ತುಂಬಿದೆ ಕಣೇ, ಇದನ್ನ ನಿಮ್ದರಲ್ಲಿ ಹಾಕ್ಬಿಡು" ಅಂತ ತಂದುಕೊಡುತ್ತಿದ್ದುದನ್ನೂ ಇಳಿಸಿದಳು. ಮೂರನೇ ವಾರದಿಂದ ಮುಚ್ಚಳ ತೆಗೆಯುವಾಗ ಉಸಿರು ಕಟ್ಟಿ, ಮುಖ ಅತ್ತ ತಿರುಗಿಸಿಕೊಳ್ಳಬೇಕಾಗುತ್ತಿತ್ತು.

ಭಾನುವಾರ ಹನ್ನೊಂದಕ್ಕೆ ಭಾವ ಮತ್ತು ಓರಗಿತ್ತಿ ಗೋಡೌನಿನಿಂದ ನೇರವಾಗಿ ಬಂದರು. ಮೇಜಿನ ಮೇಲೆ ಹೊಸ ಚೀಸಿನ ಗಟ್ಟಿ ಬೆವರುತ್ತ ಕೂತಿತು.

"ಲೋ, ಇವತ್ತು ಎಷ್ಟು ಅಗ್ಗ ಗೊತ್ತೇನೋ?" ಭಾವ ಕೈ ಉಜ್ಜಿಕೊಂಡರು. "ಎಲ್ಲಮ್ಮಾ ನಿನ್ನ ಟೇಪು? ಬಾ, ಬಾ. ಕಾರ್ಡಿಗೆ ನನ್ನ ಅರ್ಧ ಜೇಬಲ್ಲೇ ಇಟ್ಕೊಂಡು ಬಂದಿದ್ದೀನಿ."

"ತಡೀರಿ ಭಾವ. ಇವತ್ತು ಮೊದಲು ಹಳೇದರ ಪಾಲಾಗ್ಲಿ."

"ಹಳೇದಾ? ಯಾವ ಹಳೇದು?"

ಅವಳು ಹಿತ್ತಿಲಿನಿಂದ ಟಬ್ಬನ್ನು ಎಳೆದು ತಂದು, ಕೋಣೆಯ ಹೊಸಿಲಿನಾಚೆ ಅಂಗಳದಲ್ಲಿ ಹಳೆಯ ಪ್ಲಾಸ್ಟಿಕ್ ಹಾಳೆ ಹಾಸಿದಳು. ನಡುವೆ ಸೀಮೆಸುಣ್ಣದಲ್ಲಿ ಉದ್ದಕ್ಕೆ ಗೆರೆ ಎಳೆದಳು. ಆಮೇಲೆ ಮುಚ್ಚಳ ತೆಗೆದಳು.

ಓರಗಿತ್ತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಹಾರಿದಳು. "ಅಯ್ಯೋ ಥೂ! ಏನೇ ಇದು, ಹೇಸಿಗೆ!"

"ನಮ್ಮ ಉಳಿತಾಯ, ಅಕ್ಕ."

ಒಂದೊಂದಾಗಿ ಹೊರಬಂದವು. ಹಸಿರು ತುಪ್ಪಳ ಬೆಳೆದ ಚೀಸಿನ ಕಾಲು ಭಾಗ. ಮೂರು ಸಲ ಕರಗಿ ಮೂರು ಸಲ ಹೆಪ್ಪುಗಟ್ಟಿ, ಕೊನೆಗೆ ಬೂದು ಅಂಟಾದ ಮೀನು. ಒಳಗೆ ಜೇಡರ ಬಲೆಯ ಹಾಗೆ ನೂಲು ಕಟ್ಟಿಕೊಂಡ ಹಿಟ್ಟು. ಆ ನೂಲಿನಲ್ಲಿ ಬಿಳಿ ಹುಳುಗಳು ತಮ್ಮದೇ ಮನೆ ಎಂಬ ನೆಮ್ಮದಿಯಿಂದ ಹರಿದಾಡುತ್ತಿದ್ದವು. ಹಳದಿ ಕೆನೆ ಕಟ್ಟಿದ ಮೇಯನೇಸು. ಪ್ಲಾಸ್ಟಿಕ್ಕು ಅಲುಗಿದಾಗ ಅದು ಬಾಯಿ ಚಪ್ಪರಿಸಿದಂಥ ಸದ್ದು ಮಾಡಿತು. ಕಮಟು ಎಣ್ಣೆ. ಮೆತ್ತಗಾಗಿ ಒಂದರೊಳಗೊಂದು ಇಳಿದು, ಯಾವುದು ಯಾವ ಹಣ್ಣೆಂದು ತಿಳಿಯದ ಹಣ್ಣು. ಅವಳು ಒಂದೊಂದರ ತಾರೀಕನ್ನೂ ಓದಿ, ಒಂದನ್ನು ಗೆರೆಯ ಈಚೆ, ಒಂದನ್ನು ಆಚೆ ಇಡುತ್ತ ಹೋದಳು. ಎರಡನೇ ಚೀಸಿನ ಗಟ್ಟಿಗೆ ಟೇಪು ಹಿಡಿದು, ಸರಿಯಾಗಿ ನಡುವೆ ಹಳೇ ಚಾಕು ಇಳಿಸಿದಳು. ಒಳಗಿನಿಂದ ಏನೋ ಒಸರಿತು. ಗಂಡ ಕಾಂಪೌಂಡಿನ ಕಡೆ ತಿರುಗಿ ನಿಂತ.

ಅತ್ತೆ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. "ನಾಟಕ ಚೆನ್ನಾಗಿದೆ," ಅಂದರು. "ಕುರ್ಚಿನೂ ಸಿಕ್ತು."

ಭಾವ ಮಾತ್ರ ಗೆರೆಯ ಎರಡೂ ಕಡೆ ಒಂದೊಂದಾಗಿ ಎಣಿಸುತ್ತಿದ್ದರು. ಕನ್ನಡಕ ಮೂಗಿನ ತುದಿಗೆ ಬಂದಿತ್ತು. ಕೊನೆಗೆ ತಡೆಯಲಾಗಲಿಲ್ಲ.

"ಅಲ್ಲಮ್ಮಾ, ನಮ್ಮ ಕಡೆ ಒಂದು ಜಾಸ್ತಿ ಬಂದಿದೆ."

ಟೈಲರಮ್ಮ ಕೈಯಲ್ಲಿದ್ದ ಚಾಕುವನ್ನು ಕೆಳಗಿಟ್ಟಳು.

"ಯಾವುದು ಭಾವ?"

"ಆ ಮೀನು. ಅದು ನಿಮ್ಮ ಕಡೆಗೆ ಬರ್ಬೇಕು. ನಮ್ಮ ಮನೇಲಿ ಇಬ್ರು, ನಿಮ್ಮಲ್ಲಿ ಮೂರು ಜನ. ಕೊಳೆತಿದ್ದು ತಲೆ ಲೆಕ್ಕದಲ್ಲಿ ಹೋಗ್ಬೇಕಲ್ವಾ?"

"ಒಳ್ಳೇದು ಅರ್ಧರ್ಧ, ಕೊಳೆತಿದ್ದು ತಲೆ ಲೆಕ್ಕ," ಅಂದರು ಅತ್ತೆ. "ನಿಮ್ಮಪ್ಪ ಇದ್ದಿದ್ರೆ ನಿನ್ನ ಬುದ್ಧಿಗೆ ಹೆಮ್ಮೆ ಪಡ್ತಿದ್ರು ಕಣೋ."

ಟೈಲರಮ್ಮ ಎದ್ದು ನಿಂತಳು. ಬೆನ್ನು ನೋಯುತ್ತಿತ್ತು, ಮೂಗಿನ ಹೊಳ್ಳೆಗಳು ಉರಿಯುತ್ತಿದ್ದವು. ಅವಳು ಭಾವನ ಕಡೆ ನೋಡಲೇ ಇಲ್ಲ. ಕಾಂಪೌಂಡಿಗೆ ಮುಖ ಮಾಡಿ ನಿಂತಿದ್ದ ಗಂಡನ ಬೆನ್ನಿಗೆ ಹೇಳಿದಳು.

"ರೀ, ಒಂದು ಕೇಳ್ತೀನಿ. ಡಿಪೋದಲ್ಲಿ ಬಸ್ಸು ಹೊರಟಿದ್ದನ್ನ ಮಾತ್ರ ಬರ್ಕೊಂಡು ಕೂತ್ರೆ ನಿಮ್ಮನ್ನ ಕೆಲಸದಲ್ಲಿ ಇಟ್ಕೋತಾರಾ? ವಾಪಸ್ ಬಂತೋ, ದಾರೀಲಿ ಕೆಟ್ಟು ನಿಂತ್ಕೊಂಡ್ತೋ ಬೇಡ್ವಾ? ವರ್ಷ ಪೂರ್ತಿ ಮನೆಗೆ ಬಂದಿದ್ದನ್ನ ಬರ್ದಿದ್ದೀರಿ. ಹೊಟ್ಟೆಗೆ ಹೋಗಿದ್ದನ್ನ ಎಲ್ಲಿ ಬರ್ದಿದ್ದೀರಿ?"

ಅವನು ತಿರುಗಿದ. ಇಷ್ಟು ಹೊತ್ತೂ ಹುಳು, ಹಸಿರು, ವಾಸನೆ ಯಾವುದೂ ಮಾಡದ ಕೆಲಸವನ್ನು ಬಸ್ಸು ಮಾಡಿತ್ತು. ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಖಾನೆ ಖಾಲಿ ಬಿಡದ ಟೈಮ್ ಕೀಪರನ ಮುಖ ಕೆಂಪಾಯಿತು. ಒಳಗೆ ಹೋಗಿ ನೋಟ್‌ಬುಕ್ ತಂದ. ಹಾಳೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಒಂದು ಕೈಯಲ್ಲಿ ಮೂಗು ಹಿಡಿದುಕೊಂಡು, ಬಟ್ಟೆಚೂರಿನ ತಾರೀಕುಗಳನ್ನು ಓದಿ ಎದುರಿನ ಪುಟದಲ್ಲಿ ಬರೆಯುತ್ತ ಹೋದ. ಒಂದೇ ತಿಂಗಳಿನದು ಬರೆಯುವಷ್ಟರಲ್ಲಿ ಪುಟ ತುಂಬಿತು. ಕೆಳಗೆ ಕೂಡಿಸಿದ. ಹನ್ನೆರಡರಿಂದ ಗುಣಿಸಿದ. ಆಮೇಲೆ ಫ್ರೀಜರಿನ ಬೆಲೆ, ಅದರ ಕರೆಂಟು ನೆನಪಾಗಿ ಅದನ್ನೂ ಸೇರಿಸಿದ. ಕೆಂಪು ಶಾಯಿಯ ಮೊತ್ತವನ್ನು ಒಮ್ಮೆ ನೋಡಿ ನೋಟ್‌ಬುಕ್ ಮುಚ್ಚಿದ.

"ಅಣ್ಣ, ನಾನು ಬಿಡ್ತೀನಿ. ಬೇಕಾದ್ರೆ ಕಾರ್ಡು ನೀನೊಬ್ಬನೇ ಮಾಡಿಸ್ಕೋ."

"ಒಬ್ಬನೇನಾ?" ಭಾವ ಬೆಚ್ಚಿದರು. "ಇಡೀ ಶುಲ್ಕ ನಾನೇ ಕಟ್ಟೋದಾ? ಆಗ ಅದರಲ್ಲಿ ಏನೋ ಉಳಿಯುತ್ತೆ?"

ಹೇಳಬೇಕಾದ್ದನ್ನು ಅವರೇ ಹೇಳಿ ಮುಗಿಸಿದ್ದರು.

ಗಂಡ ಜೇಬಿನಿಂದ ಕಾರ್ಡು ತೆಗೆದ. ಅದರ ಫೋಟೋದಲ್ಲಿ ಅವನು ಏನೋ ದೊಡ್ಡದನ್ನು ಗೆದ್ದವನ ಹಾಗೆ ನಗುತ್ತಿದ್ದ. ಒಳಗೆ ಹೋಗಿ ಮೇಜಿನ ಮೇಲಿದ್ದ ಕತ್ತರಿಗೆ ಕೈ ಹಾಕಿದ್ದನೋ ಇಲ್ಲವೋ, ಟೈಲರಮ್ಮ ಚೀರಿದಳು:

"ಅದನ್ನ ಮುಟ್ಬೇಡಿ! ಅದು ಬಟ್ಟೆ ಕತ್ತರಿ!"

ಅವನು ಬೆಂಕಿ ಮುಟ್ಟಿದವನ ಹಾಗೆ ಕೈ ಹಿಂದೆಳೆದುಕೊಂಡ. ಅವಳು ಚೀಸು ಕೊಯ್ದ ಹಳೇ ಚಾಕುವನ್ನು ಕಾಲಲ್ಲೇ ಅವನತ್ತ ತಳ್ಳಿದಳು. ಅದರಲ್ಲಿ ಕೊಯ್ಯಲು ಅವನಿಗೆ ಮನಸ್ಸಾಗಲಿಲ್ಲ. ಕಾರ್ಡನ್ನು ಕೈಯಲ್ಲೇ ಬಗ್ಗಿಸಿ ಬಗ್ಗಿಸಿ ಮುರಿದ. ಓರಗಿತ್ತಿ ಸೆರಗಿನೊಳಗಿಂದಲೇ, "ಇನ್ನಾದ್ರೂ ನನ್ನ ಮಂಚದ ಕೆಳಗಿರೋ ಹದಿನೆಂಟು ಸಾಸ್ ಬಾಟ್ಲಿ ತೆಗೀತೀರಾ?" ಅಂತ ಭಾವನನ್ನು ಕೇಳಿದಳು. ಅವರು ಹೊಸ ಚೀಸನ್ನು ಇಡಿಯಾಗಿ ಕಂಕುಳಲ್ಲಿ ಅವುಚಿಕೊಂಡು ಹೊರಟರು. ಅದನ್ನು ಯಾರೂ ತಡೆಯಲಿಲ್ಲ.

ಮಧ್ಯಾಹ್ನವೆಲ್ಲ ತೆರವಿನ ಕೆಲಸ. ಟಬ್ಬು ಪೌರಕಾರ್ಮಿಕರ ಗಾಡಿಗೆ ಹೋಯಿತು; ಗಾಡಿಯವನು ದಿನವೆಲ್ಲ ಕಸ ಹೊರುವವನು, ಅವನೂ ಮುಖ ಕಿವುಚಿ "ಏನಮ್ಮಾ, ಯಾರಾದ್ರೂ ಸತ್ತಿದ್ರಾ?" ಅಂದ. ಫ್ರೀಜರನ್ನೂ ಉಳಿದ ಎಣ್ಣೆ, ಹಿಟ್ಟು, ಮೇಯನೇಸನ್ನೂ ಮೂಲೆ ಹೋಟೆಲಿನವನು ಅರ್ಧ ಬೆಲೆಗೆ ಒಯ್ದ. ಪೇಪರಿನ ಮೂಟೆಗಳನ್ನು ಗಂಡ ಒಂದೊಂದಾಗಿ ಅಟ್ಟಕ್ಕೆ ಏರಿಸಿದ. ಕೋಣೆ ಖಾಲಿಯಾದರೂ ವಾಸನೆ ಖಾಲಿಯಾಗಲಿಲ್ಲ. ಅದು ಮರಕ್ಕೆ ಇಳಿದಿತ್ತು. ಸೋಪು ಹಾಕಿ ತಿಕ್ಕಿದಳು, ಬಿಸಿನೀರು ಸುರಿದು ತಿಕ್ಕಿದಳು. ಮೇಜಿಗೆ ಮೂಗಿಟ್ಟರೆ ಸೀಳುಗಳೊಳಗಿಂದ ಭಾನುವಾರಗಳೆಲ್ಲ ಸಾಲಾಗಿ ಎದ್ದು ಬರುತ್ತಿದ್ದವು. ಸೋಮವಾರ ಹತ್ತು ಗಂಟೆಗೆ ಇನ್ನು ಒಂದು ರಾತ್ರಿ ಬಾಕಿ. ಆಗ ಮೂಲೆಯಲ್ಲಿ ಯಾರಿಗೂ ಬೇಡವಾಗಿ ಉಳಿದಿದ್ದ ವಿನೆಗರ್ ಕ್ಯಾನುಗಳು ಕಣ್ಣಿಗೆ ಬಿದ್ದವು. ಮೊದಲ ಐದು ಲೀಟರು ಮೇಜಿಗೆ, ಎರಡನೇ ಐದು ಲೀಟರು ನೆಲಕ್ಕೂ ಗೋಡೆಗೂ. ಕಿಟಕಿ, ಬಾಗಿಲು ತೆರೆದಿಟ್ಟರು. ಕಣ್ಣಲ್ಲಿ ನೀರು ಬಂತು. ಯಾತಕ್ಕೆ ಬಂತು ಎಂದು ಅವಳು ವಿಚಾರಿಸಲು ಹೋಗಲಿಲ್ಲ.

ಮರುದಿನ ಹತ್ತಕ್ಕೆ ಸರಿಯಾಗಿ ಹೆಡ್ ನರ್ಸ್ ಬಂದರು. ಬಾಗಿಲಲ್ಲೇ ನಿಂತು ಮೂಗೆಳೆದರು. ಒಳಗೆ ಬಂದು ಮೇಜಿನ ಮೇಲೆ ಬಗ್ಗಿ, ಅಂಗೈಯಲ್ಲಿ ಮರವನ್ನು ಉಜ್ಜಿ, ಅಂಗೈಯನ್ನು ಮೂಸಿದರು. ಟೈಲರಮ್ಮ ಕೈ ಕಟ್ಟಿಕೊಂಡು ನಿಂತಿದ್ದಳು. ಉಗುರುಗಳ ಸುತ್ತ ಚರ್ಮ ಸುಲಿದಿತ್ತು.

"ವಾಸನೆ ಇದೆ," ಅಂದರು.

"ಹೂಂ ಮೇಡಂ."

"ತೊಳೆದ ವಾಸನೆ. ಅದಾದ್ರೆ ನಾಲ್ಕು ದಿನಕ್ಕೆ ಹೋಗುತ್ತೆ." ಹೊರಗೆ ಕಾರಿನತ್ತ ಕೈ ಮಾಡಿದರು. "ಬಟ್ಟೆ ಥಾನು ತಂದಿದ್ದೀನಿ. ಮೊದಲು ಹತ್ತು ಗೌನು ಮಾಡಿ, ಗುರುವಾರ ನೋಡ್ತೀನಿ. ಮೂಸಿನೇ ನೋಡ್ತೀನಿ."

ಕೆಲಸಕ್ಕೆ ಹೊರಟಿದ್ದ ಗಂಡನೇ ಥಾನನ್ನು ಹೊತ್ತು ತಂದು ಮೇಜಿನ ಮೇಲಿಟ್ಟ. ಅವಳು ಬಿಚ್ಚಿ ಹಾಸಿದಳು. ಬಿಳಿ ಬಟ್ಟೆ ಮೇಜಿನ ಈ ತುದಿಯಿಂದ ಆ ತುದಿಯವರೆಗೆ, ಎಲ್ಲೂ ಏನಕ್ಕೂ ತಗುಲದೆ ಹರಡಿಕೊಂಡಿತು. ವರ್ಷದ ನಂತರ ಮೇಜಿನ ಉದ್ದ ಪೂರ್ತಿ ಕಂಡದ್ದು ಅಂದೇ.

ಬಾಗಿಲ ಬಳಿ ಗಂಡ ಜೇಬಿನಿಂದ ನೋಟ್‌ಬುಕ್ ತೆಗೆದು ಏನೋ ಗೀಚುತ್ತಿದ್ದ.

"ಮತ್ತೇನ್ರೀ ಅದು?"

"ಏನಿಲ್ಲ... ಆ ವಿನೆಗರ್ ಬಳಕೆ ಆಯ್ತಲ್ಲ. ಹತ್ತಕ್ಕೆ ಹತ್ತು ಲೀಟರೂ. ಅದನ್ನ ಉಳಿತಾಯದ ಕಡೆ ಹಾಕ್ದೆ."

ಒಳಗಿನಿಂದ ಅತ್ತೆ ಹಣೆ ಚಚ್ಚಿಕೊಂಡ ಸದ್ದು ಕೇಳಿಸಿತು. ಟೈಲರಮ್ಮ ಬಟ್ಟೆಯ ಅಂಚನ್ನು ಸರಿಪಡಿಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಆ ಗೆರೆಯ ಮೇಲೆ ಯಾರ ಕನ್ನಡಕವೂ ಬಗ್ಗಲಿಲ್ಲ. ಕತ್ತರಿ ಎತ್ತಿ ಅದರ ಬಾಯನ್ನು ಒಮ್ಮೆ ಮೂಸಿ ನೋಡಿ, ಬಟ್ಟೆಗೆ ಇಳಿಸಿದಳು.